ಎರಡನೇ ಬ್ರೇಕು

ಸೆಪ್ಟೆಂಬರ್ ೪, ಗುರುವಾರ

ಇವತ್ತು ತೂಕದ ಯಂತ್ರದ ಮುಂದೆ ನನ್ನ ಮಾನ ಹೋಯಿತು. ಮಗುವಿಗೆ ಲಸಿಕೆ ಹಾಕಿಸುವ ದಿನ. ಚುಚ್ಚುವ ಮೊದಲು ತೂಕ ನೋಡುತ್ತಾರೆ. ಯಂತ್ರದ ತಟ್ಟೆಯಲ್ಲಿ ಮಲಗಿಸಿದೆ. ನರ್ಸಮ್ಮ ಅಂಕಿ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಕೂಸಿಗೆ ಕಲ್ಲು ತಿನ್ನಿಸುತ್ತೀರೇನಮ್ಮ ಎಂದು ಕೇಳಿದರು. ಆಮೇಲೆ ಬಗ್ಗಿ ನೋಡಿದರೆ ನನ್ನ ಬಲಗೈ ಮಗುವಿನ ಹೊಟ್ಟೆಯ ಮೇಲೆ ಭದ್ರವಾಗಿ ಕೂತಿತ್ತು. ಮಗಳ ತೂಕದಲ್ಲಿ ಅಮ್ಮನ ಕೈಯೂ ಸೇರಿಕೊಂಡಿತ್ತು.

ಕೈ ತೆಗೆಯಿರಿ ಎಂದರು. ಆಗಲಿ ಎಂದೆ, ತೆಗೆಯಲಿಲ್ಲ. ಬೀಳುವುದಿಲ್ಲ, ತೆಗೆಯಿರಿ ಎಂದರು. ಹೂಂ ಎಂದೆ, ಆಗಲೂ ತೆಗೆಯಲಿಲ್ಲ. ಬಾಯಿಯದೇ ಒಂದು ದಾರಿ, ಕೈಯದೇ ಒಂದು ದಾರಿ. ಕೊನೆಗೆ ನನ್ನ ಗಂಡ ಬಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಹಿಂದೆ ಸಾಲಿನಲ್ಲಿ ನಿಂತಿದ್ದವರೆಲ್ಲ ನೋಡುತ್ತಿದ್ದರು.

ನಿಜವಾದ ತೂಕ ಸರಿಯಾಗಿಯೇ ಇದೆಯಂತೆ. ಸೂಜಿ ತಾಗಿದ ಕೂಡಲೇ ಮಗು ಕಟ್ಟಡ ಹಾರಿಹೋಗುವ ಹಾಗೆ ಕಿರುಚಿತು. ಇವಳನ್ನು ಪೀಪಿ ಎಂದು ಕರೆಯುವುದು ಸುಮ್ಮನೆ ಅಲ್ಲ. ಹೊರಡುವಾಗ ನರ್ಸಮ್ಮ ನನ್ನ ಕೈಗೆ ಒಂದು ಚೀಟಿ ಕೊಟ್ಟರು. ಒಬ್ಬ ಥೆರಪಿಸ್ಟ್ ಅವರ ಫೋನ್ ನಂಬರು. ಹೊಸ ತಾಯಂದಿರನ್ನೇ ನೋಡುತ್ತಾರಂತೆ. ಕೈಗೆ ಏನಾದರೂ ತೊಂದರೆಯೇ ಎಂದು ಕೇಳಿದೆ.

"ಕೈಗಲ್ಲಮ್ಮ," ಎಂದರು. "ಒಂದ್ಸಲ ಹೋಗಿ ಮಾತಾಡಿ ಬನ್ನಿ."

ಚೀಟಿಯನ್ನು ಡೈಪರ್ ಚೀಲದ ತಳಕ್ಕೆ ಹಾಕಿದ್ದೇನೆ. ಅಲ್ಲಿಗೆ ಹೋದ ವಸ್ತು ವಾಪಸು ಬಂದ ಉದಾಹರಣೆ ಇಲ್ಲ.

ಸೆಪ್ಟೆಂಬರ್ ೬, ಶನಿವಾರ

ಚೀಟಿ ವಾಪಸು ಬಂತು. ಅತ್ತೆ ಚೀಲವನ್ನು ತಲೆಕೆಳಗು ಮಾಡಿ ಕೊಡವಿದಾಗ ಉದುರಿತಂತೆ. ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಕೆಳಗೆ ಇಟ್ಟಿದ್ದಾರೆ. ಏನು, ಎತ್ತ ಎಂದು ಕೇಳಲಿಲ್ಲ. ಅತ್ತೆ ಅಂಚೆ ಕಚೇರಿಯ ಪಾರ್ಸೆಲ್ ವಿಭಾಗದಲ್ಲಿದ್ದು ನಿವೃತ್ತರಾದವರು. ಯಾರಿಗೆ ಬಂದದ್ದೋ ಅವರಿಗೆ ತಲುಪಿಸಬೇಕು, ಒಳಗೇನಿದೆ ಎಂದು ಬಿಚ್ಚಿ ನೋಡಬಾರದು. ಪೀಪಿಯನ್ನು ಬಟ್ಟೆಯಲ್ಲಿ ಸುತ್ತುವುದೂ ಹಾಗೆಯೇ. ನಾಲ್ಕು ಮೂಲೆ ಮಡಚಿ ಸಿಕ್ಕಿಸಿ, ಮೆಲ್ಲಗೆ ತಟ್ಟಿ, "ಇನ್ನು ಯಾವೂರಿಗೆ ಕಳ್ಸಿದ್ರೂ ಒಡಿಯಲ್ಲ" ಎನ್ನುತ್ತಾರೆ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಒಡೆಯುವ ಮಾತು ಬಂದಾಗಲೆಲ್ಲ ಆ ಮಡಿಕೆಗಳನ್ನು ನಾನು ಮತ್ತೊಮ್ಮೆ ಮುಟ್ಟಿ ನೋಡಿಕೊಳ್ಳುತ್ತೇನೆ.

ನಮ್ಮದು ಮೂರನೆಯ ಮಹಡಿ. ಲಿಫ್ಟ್ ಇಲ್ಲ. ಊರಿನ ಅರ್ಧ ಲಿಫ್ಟುಗಳನ್ನು ರಿಪೇರಿ ಮಾಡುವ ನನ್ನ ಗಂಡ ದಿನಾ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಮನೆಗೆ ಬರುತ್ತಾನೆ. ದೀಪದ ಬುಡದಲ್ಲೇ ಕತ್ತಲೆ ಎಂದು ಮದುವೆಯಾದ ಹೊಸದರಲ್ಲಿ ಗೇಲಿ ಮಾಡುತ್ತಿದ್ದೆ. ಈಗ ಮೆಟ್ಟಿಲಿನ ವಿಷಯದಲ್ಲಿ ಗೇಲಿ ಹುಟ್ಟುವುದಿಲ್ಲ.

ಇಲ್ಲಿ ಬರೆಯದಿದ್ದರೆ ಇನ್ನೆಲ್ಲಿಯೂ ಬರೆಯಲಾರೆ. ಪೀಪಿಯನ್ನು ಎತ್ತಿಕೊಂಡು ಬಾಗಿಲು ದಾಟಿ ಮೊದಲ ಮೆಟ್ಟಿಲ ಬಳಿ ನಿಂತರೆ ಒಂದು ಚಿತ್ರ ಬರುತ್ತದೆ. ನನ್ನ ಕೈಗಳು ತೆರೆದುಕೊಳ್ಳುತ್ತವೆ. ಅವಳು ಕಂಬಿಗಳ ಆಚೆಗೆ, ಕೆಳಗೆ, ಇನ್ನೂ ಕೆಳಗೆ ಹೋಗುತ್ತಾಳೆ. ಕಣ್ಣು ಮುಚ್ಚಿದರೂ ನಿಲ್ಲುವುದಿಲ್ಲ. ಹೆತ್ತ ಮಗುವಿನ ಬಗ್ಗೆ ಇಂಥದ್ದು ಕಾಣುವ ತಾಯಿ ಎಂಥವಳು? ಬಾಯಿಬಿಟ್ಟರೆ ಪೀಪಿಯನ್ನು ನನ್ನ ಕೈಗೆ ಕೊಡುವುದೇ ಇಲ್ಲ. ಅದಕ್ಕೇ ಬೆನ್ನುನೋವು ಎಂದು ಹೇಳಿದ್ದೇನೆ. ಹೆತ್ತವಳ ಬೆನ್ನುನೋವಿಗೆ ಯಾರೂ ಸಾಕ್ಷಿ ಕೇಳುವುದಿಲ್ಲ. ಇಳಿಯುವಾಗಲೆಲ್ಲ ಮಗು ಇವನ ಕೈಯಲ್ಲಿ, ನಾನು ಚೀಲ ಹಿಡಿದು ಹಿಂದೆ. ಇವನಿಲ್ಲದ ಹೊತ್ತು ನಾನೂ ಪೀಪಿಯೂ ಮೂರನೆಯ ಮಹಡಿಯಲ್ಲೇ ಇರುತ್ತೇವೆ.

ಸೆಪ್ಟೆಂಬರ್ ೧೦, ಬುಧವಾರ

ಡ್ರೈವಿಂಗ್ ಶಾಲೆಯ ಮಾಲೀಕರ ಫೋನು. ನನ್ನ ಜಾಗದಲ್ಲಿ ಈಗ ಕಲಿಸುತ್ತಿರುವವರ ಹತ್ತಿರ ಎಲ್ಲರೂ ಪರೀಕ್ಷೆ ಪಾಸಾಗುತ್ತಿದ್ದಾರಂತೆ. ಇದನ್ನು ಖುಷಿಯ ಸುದ್ದಿ ಎಂದುಕೊಂಡು ಹೇಳಿದರು. ನಾನೂ ಖುಷಿಪಟ್ಟವಳ ಹಾಗೆ ಮಾತಾಡಿ ಫೋನ್ ಇಟ್ಟೆ.

ನನ್ನ ಸೀಟು ನೆನಪಾಯಿತು. ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ಆ ಎರಡನೇ ಬ್ರೇಕಿನ ಮೇಲೆ ಪಾದ ಇಟ್ಟೂ ಇಟ್ಟೂ ನನ್ನ ಬಲಗಾಲಿನ ಚಪ್ಪಲಿಯೇ ಮೊದಲು ಸವೆಯುತ್ತದೆ. ಕಲಿಯುವವರು ತಯಾರಾದರು ಎನ್ನಿಸಿದ ದಿನ ಎರಡೂ ಪಾದಗಳನ್ನು ನೆಲಕ್ಕೆ ಊರಿ ಕಿಟಕಿಯಾಚೆ ನೋಡುತ್ತ ಕೂರುತ್ತೇನೆ. ಅದನ್ನು ಅವರಿಗೆ ಹೇಳುವುದಿಲ್ಲ. ಹೇಳಿದರೆ ಗಾಬರಿಬಿದ್ದು ನಡುರಸ್ತೆಯಲ್ಲಿ ನಿಲ್ಲಿಸಿಬಿಡುತ್ತಾರೆ. ಗಾಡಿ ನಿಲ್ಲಿಸಿ ಕೀ ತೆಗೆದ ಮೇಲೆಯೇ ಹೇಳುವುದು: ಇವತ್ತು ಪೂರ್ತಿ ನೀವೇ ಓಡಿಸಿದ್ದು. ನನ್ನ ಗಂಡನಿಗೂ ಹೀಗೇ ಹೇಳಿದ್ದೆ. ಇವನು ನನ್ನ ಹತ್ತಿರವೇ ಕಲಿತವನು. ಎರಡು ಸಲ ಫೇಲಾದ. ನಿನ್ನನ್ನು ನೋಡುವುದಕ್ಕೆ ಬೇಕೆಂದೇ ಫೇಲಾದೆ ಎಂದು ಈಗ ಕೊಚ್ಚಿಕೊಳ್ಳುತ್ತಾನೆ. ಇವನು ಗಾಡಿ ಹಿಂದಕ್ಕೆ ತೆಗೆಯುವುದನ್ನು ಕಣ್ಣಾರೆ ಕಂಡ ನಾನು ಅದನ್ನು ನಂಬುವುದಿಲ್ಲ.

ಉಪ್ಪಿನ ಡಬ್ಬಿಯ ಕೆಳಗಿನ ಚೀಟಿ ಇವನ ಕಣ್ಣಿಗೆ ಬಿತ್ತು. ಮುಂದಿನ ಮಂಗಳವಾರಕ್ಕೆ ಸಮಯ ತೆಗೆದುಕೊಂಡೇಬಿಟ್ಟ. ಜಗಳಕ್ಕೆ ಬಾಯಿ ತೆರೆದೆ, ಪೀಪಿ ನನಗಿಂತ ಮೊದಲು ತೆರೆದಳು.

ಸೆಪ್ಟೆಂಬರ್ ೧೪, ಭಾನುವಾರ

ತಯಾರಿಯಿಲ್ಲದೆ ಯಾರನ್ನೂ ನಾನು ಪರೀಕ್ಷೆಗೆ ಕಳಿಸಿದವಳಲ್ಲ. ಇನ್ನು ನಾನು ಹೋಗುತ್ತೇನೆಯೇ? ಇವನನ್ನು ಎದುರಿಗೆ ಕೂರಿಸಿ ಅಣಕು ಪರೀಕ್ಷೆ ನಡೆಸಿದೆ. ಥೆರಪಿಸ್ಟ್ ಏನೇನು ಕೇಳಬಹುದು, ಎಲ್ಲಿ ಸಿಕ್ಕಿಸಬಹುದು, ಯಾವ ಉತ್ತರಕ್ಕೆ ಅಂಕ ಕತ್ತರಿಸಬಹುದು ಎಂಬುದೆಲ್ಲ ಮೊದಲೇ ಗೊತ್ತಿರಬೇಕು. ಇವನು ಅತ್ತೆಯ ಕನ್ನಡಕ ಏರಿಸಿಕೊಂಡು ಗಂಭೀರವಾಗಿ ಕೂತ.

"ಮೇಡಂ, ಮನಸ್ಸಿನ ಕೇಬಲ್ಲು ಎಲ್ಲಾದ್ರೂ ಸವೆದಿದೆಯಾ? ಎರಡು ಮಹಡಿ ಮಧ್ಯೆ ನಿಂತ್ಬಿಡೋದು, ಬಾಗಿಲು ತೆರ್ಕೊಳ್ದೇ ಇರೋದು, ಅಂಥದ್ದೇನಾದ್ರೂ?"

ಸರಿಯಾಗಿ ಕೇಳು ಎಂದು ಗದರಿದೆ. ನಿದ್ದೆ ಬರುತ್ತದೆಯೇ ಎಂದು ಕೇಳಿದ. ಮಗು ಮಲಗಿದಾಗ ನಾನೂ ಮಲಗುತ್ತೇನೆ ಎಂದೆ. ಸುಳ್ಳು ಎಂದ. ಥೆರಪಿಸ್ಟ್ ಹಾಗೆಲ್ಲ ಅನ್ನುವ ಹಾಗಿಲ್ಲ ಎಂದೆ. ಮಗುವಿನ ಜೊತೆ ಒಬ್ಬಳೇ ಇರುವುದಕ್ಕೆ ಭಯವಾಗುತ್ತದೆಯೇ ಎಂದು ಕೇಳಿದ. ಇಲ್ಲವೇ ಇಲ್ಲ ಎಂದು ಇವನ ಪ್ರಶ್ನೆ ಮುಗಿಯುವ ಮೊದಲೇ ಹೇಳಿದೆ. ಇವನು ಕನ್ನಡಕ ತೆಗೆದು ನನ್ನನ್ನೇ ನೋಡಿದ. ಆಮೇಲೆ, ಅಮ್ಮನ ಕನ್ನಡಕಕ್ಕೆ ತಲೆ ಸುತ್ತುತ್ತದೆ ಎಂದು ಹೇಳಿ ಎದ್ದುಹೋದ. ಆಟ ಅಲ್ಲಿಗೇ ನಿಂತಿತು.

ಸೆಪ್ಟೆಂಬರ್ ೧೬, ಮಂಗಳವಾರ

ಪಾಸು.

ಕನ್ನಡಕದ ಅಂಗಡಿಯ ಹಿಂಭಾಗದ ಕೋಣೆ, ನೆಲಮಹಡಿ, ಮೆಟ್ಟಿಲಿಲ್ಲ. ಒಂದು ಸೋಫಾ, ಒಂದು ಕುರ್ಚಿ, ನಡುವೆ ಹಸಿರು ರಗ್ಗು. ಥೆರಪಿಸ್ಟ್ ನನಗಿಂತ ಸ್ವಲ್ಪ ದೊಡ್ಡವರು, ಕೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಾರೆ. ಅದು ಅಲ್ಲಿರುವುದು ಮರೆತು ಮೇಜಿನ ಮೇಲೆಲ್ಲ ಪೆನ್ಸಿಲ್ ಹುಡುಕಿದರು. ನಾನು ಹೇಳಲಿಲ್ಲ. ಪರೀಕ್ಷಕರ ತಪ್ಪು ತೋರಿಸಬಾರದು.

ಮೊದಲ ದಿನ ಹೆಚ್ಚಾಗಿ ಪರಿಚಯವೇ ಎಂದರು. ಅಳು ಬಂದರೆ ಅಳಬಹುದು, ಮಾತು ಬರದಿದ್ದರೆ ಸುಮ್ಮನಿರಬಹುದು, ನನ್ನನ್ನೂ ಪ್ರಶ್ನೆ ಕೇಳಬಹುದು ಎಂದರು. ನಾನು ನಿಮಗೆ ಸರಿಹೊಂದದಿದ್ದರೆ ಹೇಳಿ, ಬೇರೆಯವರ ಹೆಸರು ಕೊಡುತ್ತೇನೆ, ಬೇಜಾರಿಲ್ಲ ಎಂದರು. ಈ ಮಾತು ಮಾತ್ರ ನನಗೆ ನಂಬಿಕೆಯಾಗಲಿಲ್ಲ. ನನ್ನನ್ನು ಬಿಟ್ಟು ಬೇರೆಯವರ ಹತ್ತಿರ ಕಲಿಯಲು ಹೋದ ಹುಡುಗಿಯನ್ನು ರಸ್ತೆಯಲ್ಲಿ ಕಂಡರೂ ನಾನು ಗುರುತು ಹಿಡಿಯುವುದಿಲ್ಲ. ಇಲ್ಲಿ ಆಡಿದ್ದು ಇಲ್ಲೇ ಇರುತ್ತದೆ ಎಂದೂ ಹೇಳಿದರು. ಒಂದೇ ಒಂದು ಬಿಟ್ಟು. ಯಾರದಾದರೂ ಜೀವಕ್ಕೆ ಅಪಾಯವಿದ್ದರೆ ಬೇರೆಯವರಿಗೆ ತಿಳಿಸಬೇಕಾಗುತ್ತದೆ, ಅದನ್ನೂ ಮೊದಲು ನಿಮಗೆ ಹೇಳಿಯೇ ತಿಳಿಸುತ್ತೇನೆ ಎಂದರು.

ಅಪಾಯ ಎಂಬ ಶಬ್ದ ಕೇಳಿದ್ದೇ ತಡ, ನನ್ನ ಬಾಯಿಗೆ ಬೀಗ. ಆಮೇಲೆ ಕಂಠಪಾಠ ಮಾಡಿದ್ದನ್ನೆಲ್ಲ ಒಪ್ಪಿಸಿದೆ. ನಿದ್ದೆ ಪರವಾಗಿಲ್ಲ, ಊಟ ಸೇರುತ್ತದೆ, ಗಂಡ ಒಳ್ಳೆಯವನು, ಅತ್ತೆ ಚಿನ್ನ, ಬೆನ್ನು ಮಾತ್ರ ಸ್ವಲ್ಪ ನೋವು.

"ತುಂಬ ಚೆನ್ನಾಗಿ ಉತ್ತರ ಕೊಟ್ರಿ," ಎಂದರು. "ಕೆಲವು ನಾನು ಕೇಳೋಕೆ ಮೊದ್ಲೇ ಕೊಟ್ರಿ."

ಮುಂದಿನ ಸಲ ಮಗುವನ್ನೂ ಕರೆತರಬಹುದಂತೆ. ಪಾಸಾದ ಮೇಲೆ ಮುಂದಿನ ಸಲ ಯಾಕೆ?

ಸೆಪ್ಟೆಂಬರ್ ೧೮, ಗುರುವಾರ

ಪಾಸಾದವಳು ಬಚ್ಚಲಿನಲ್ಲಿ ನಲ್ಲಿ ತೆರೆದಿಟ್ಟುಕೊಂಡು ಅಳುವುದು ಯಾಕೆ? ನೀರು ದಂಡ.

ಸೆಪ್ಟೆಂಬರ್ ೨೩, ಮಂಗಳವಾರ

ಹೇಳಿಬಿಟ್ಟೆ.

ಪೀಪಿಯನ್ನು ಇವನು ಎತ್ತಿಕೊಂಡು ಇಳಿದ, ಕೋಣೆಯ ಬಾಗಿಲವರೆಗೆ ತಂದುಕೊಟ್ಟು ಹೊರಗೆ ಕಾಯುತ್ತ ಕೂತ. ಒಳಗೆ ಹೋದ ಕೂಡಲೇ ಪೀಪಿ ಊದಲು ಶುರುಮಾಡಿದಳು. ನಾನು ಎದ್ದು ನಿಂತು ಸಾರಿ ಎಂದೆ, ಕೂತು ಸಾರಿ ಎಂದೆ, ಸೋಫಾದ ಮೇಲೆಯೇ ಡೈಪರ್ ಬದಲಿಸುತ್ತ ಸಾರಿ ಎಂದೆ. ಈ ಸೋಫಾ ಇದಕ್ಕಿಂತ ದೊಡ್ಡದನ್ನೆಲ್ಲ ಕಂಡಿದೆ ಎಂದು ಅವರು ನಕ್ಕರು.

ಆಮೇಲೆ ನೋಡಿದರೆ ನನ್ನ ಪಾದದಡಿಯ ರಗ್ಗು ಮುದುಡಿ ಗುಡ್ಡೆಯಾಗಿತ್ತು. ಸರಿಮಾಡಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಗುಡ್ಡೆ. ಬಲಗಾಲು ತನ್ನಷ್ಟಕ್ಕೆ ಒತ್ತುತ್ತಿದೆ. ಇದು ನಮ್ಮ ಕಸುಬಿನ ಚಾಳಿ, ನಮಗೆ ಅಲ್ಲೊಂದು ಬ್ರೇಕ್ ಇರುತ್ತದೆ ಎಂದು ವಿವರಿಸಿದೆ. ಯಾವಾಗ ಒತ್ತುತ್ತೀರಿ ಎಂದು ಕೇಳಿದರು. ಎದುರಿಗೆ ಏನಾದರೂ ಬಂದಾಗ ಎಂದೆ.

"ಈಗ ಎದುರಿಗೆ ಏನ್ ಬಂತು?"

ಕಂಠಪಾಠದಲ್ಲಿ ಈ ಪ್ರಶ್ನೆ ಇರಲಿಲ್ಲ. ಮೆಟ್ಟಿಲು ಎಂದೆ. ಅಲ್ಲಿಂದ ಮುಂದೆ ಎಲ್ಲವೂ ಬಂತು. ಚಿತ್ರ, ಕಂಬಿಗಳು, ತೆರೆದುಕೊಳ್ಳುವ ಕೈ, ಬೆನ್ನುನೋವಿನ ಸುಳ್ಳು. ಅವರು ಮುಖ ಬದಲಿಸಲಿಲ್ಲ. ಫೋನಿನ ಕಡೆ ಕೈಯನ್ನೂ ಚಾಚಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ.

"ಹಾಗೆ ಮಾಡ್ಬೇಕು ಅನ್ಸುತ್ತಾ? ಇಲ್ಲಾ ಹಾಗಾಗ್ಬಿಟ್ರೆ ಅಂತ ಭಯ ಆಗುತ್ತಾ?"

"ಭಯ. ಭಯಕ್ಕೆ ಅವಳನ್ನ ಎತ್ಕೊಂಡು ಬಾಗ್ಲೇ ದಾಟಲ್ಲ ನಾನು."

ಇನ್ನೂ ಕೆಲವು ಕೇಳಿದರು. ಯಾರದಾದರೂ ಧ್ವನಿ ಕೇಳಿಸುತ್ತದೆಯೇ, ನನಗೆ ನಾನೇ ಏನಾದರೂ ಮಾಡಿಕೊಳ್ಳಬೇಕು ಎನ್ನಿಸುತ್ತದೆಯೇ ಎಂದು ಮುಚ್ಚುಮರೆಯಿಲ್ಲದೆ, ಜ್ವರ ಎಷ್ಟು ದಿನದಿಂದ ಎಂದು ಕೇಳುವಷ್ಟು ಸಹಜವಾಗಿ. ಇಲ್ಲ ಎಂದೆ. ಈ ಸಲ ಪ್ರಶ್ನೆ ಪೂರ್ತಿ ಕೇಳಿಸಿಕೊಂಡು, ಯೋಚಿಸಿ, ಇಲ್ಲ ಎಂದೆ.

"ಇಂಥ ಚಿತ್ರ ತುಂಬ ಜನ ತಾಯಂದಿರಿಗೆ ಬರುತ್ತೆ," ಎಂದರು. "ಯಾರೂ ಹೇಳ್ಕೊಳಲ್ಲ, ಅಷ್ಟೇ. ಇಷ್ಟಕ್ಕೆ ನಿಮ್ಮ ಮಗೂನ ಯಾರೂ ಕಿತ್ಕೊಳಲ್ಲ."

ಗೊಳೋ ಎಂದು ಅತ್ತುಬಿಟ್ಟೆ. ಪೀಪಿ ಅಳು ನಿಲ್ಲಿಸಿ ನನ್ನನ್ನೇ ನೋಡಿದಳು. ಈ ಮನೆತನದಲ್ಲಿ ತನಗೊಬ್ಬಳು ಪ್ರತಿಸ್ಪರ್ಧಿ ಇದ್ದಾಳೆ ಎಂದು ಅವಳಿಗೆ ಇವತ್ತೇ ಗೊತ್ತಾಗಿದ್ದು.

ಸೆಪ್ಟೆಂಬರ್ ೨೪, ಬುಧವಾರ

ಗಂಡನಿಗೂ ಹೇಳಿದೆ. ಪಾತ್ರೆ ತೊಳೆಯುತ್ತಿದ್ದ, ಬೆನ್ನು ಈ ಕಡೆ ಇತ್ತು. ಮುಖ ಕಾಣದಿದ್ದರೆ ಹೇಳುವುದು ಸುಲಭ. ಮುಗಿಯುವವರೆಗೂ ಒಂದೇ ತಟ್ಟೆಯನ್ನು ಉಜ್ಜುತ್ತಿದ್ದ. ಆಮೇಲೆ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತ.

"ಹಾಗಾದ್ರೆ ನಿನ್ನ ಬೆನ್ನು ಚೆನ್ನಾಗಿದೆಯಾ?"

"ಚೆನ್ನಾಗಿದೆ."

"ಮತ್ತೆ ನಾನು ದಿನಾ ಎಣ್ಣೆ ತಿಕ್ಕಿದ್ದು?"

"ಅದೂ ಚೆನ್ನಾಗಿತ್ತು."

ನಕ್ಕುಬಿಟ್ಟೆವು. ನಗುತ್ತ ನಗುತ್ತ ಇವನ ಕಣ್ಣಲ್ಲಿ ನೀರು ಬಂತು. ಒಬ್ಬಳೇ ಯಾಕೆ ಹೊತ್ತುಕೊಂಡಿದ್ದೆ ಎಂದು ಕೇಳಿದ. ಎಣ್ಣೆ ಮಾತ್ರ ಮುಂದುವರಿಯಲಿ ಎಂದು ತೀರ್ಮಾನವಾಗಿದೆ.

ಸೆಪ್ಟೆಂಬರ್ ೩೦, ಮಂಗಳವಾರ

ಥೆರಪಿಸ್ಟ್ ಹೋಂವರ್ಕ್ ಕೊಟ್ಟಿದ್ದಾರೆ, ಶಾಲೆಯಲ್ಲಿ ಕೊಡುವ ಹಾಗೆ. ಪೀಪಿಯನ್ನು ಎತ್ತಿಕೊಂಡು ಮೊದಲ ಮೆಟ್ಟಿಲ ಹತ್ತಿರ ಸುಮ್ಮನೆ ನಿಲ್ಲುವುದು. ಇಳಿಯಬೇಕಾಗಿಲ್ಲ. ಇವನು ಪಕ್ಕದಲ್ಲಿ ಇರಬಹುದು. ಚಿತ್ರ ಬಂದರೆ ಓಡಿಸಲು ಹೋಗಬೇಡಿ, ಅದರ ಮಾತು ಕೇಳಲೂ ಹೋಗಬೇಡಿ, ಬಂದಿದೆ ಎಂದು ಗೊತ್ತು ಮಾಡಿಕೊಂಡು ನಿಂತಿರಿ ಎಂದರು. ಹಿಂದೆ ಲಾರಿಯವನು ಎಷ್ಟೇ ಹಾರ್ನ್ ಹೊಡೆಯಲಿ, ನಿಮ್ಮ ದಾರಿಯಲ್ಲಿ ನೀವು ಹೋಗಿ ಎಂದು ನಾನು ಎಷ್ಟು ಜನಕ್ಕೆ ಹೇಳಿಲ್ಲ! ಅದನ್ನು ಅವರಿಗೆ ಹೇಳಿದೆ. ಪೆನ್ಸಿಲ್ ಹುಡುಕಿ ಬರೆದುಕೊಂಡರು. ಈ ಸಲ ಪೆನ್ಸಿಲ್ ಎಲ್ಲಿದೆ ಎಂದು ನಾನೇ ತೋರಿಸಿದೆ.

ವೈದ್ಯರ ಹತ್ತಿರ ಒಮ್ಮೆ ರಕ್ತ ಪರೀಕ್ಷೆಯನ್ನೂ ಮಾಡಿಸಬೇಕಂತೆ. ಮತ್ತೆ ನಿದ್ದೆ. ಒಂದು ಹೊತ್ತಿನ ಹಾಲನ್ನು ಬಾಟಲಿಯಲ್ಲಿ ಇವನೇ ಕುಡಿಸಲಿ, ಆಗ ನೀವು ತಡೆಯಿಲ್ಲದೆ ಮಲಗಿ ಎಂದರು. ಇವನು ಒಪ್ಪಿಕೊಂಡ. ಪೀಪಿ ಇನ್ನೂ ಒಪ್ಪಿಕೊಂಡಿಲ್ಲ.

ಅಕ್ಟೋಬರ್ ೫, ಭಾನುವಾರ

ನಿಂತದ್ದು ಆಯಿತು, ಈಗ ಇಳಿಯುವುದು. ನಾನು ಮಾಡುವ ಕೆಲಸದಲ್ಲಿ ಶಿಸ್ತು ಇಲ್ಲದೆ ಆಗುವುದಿಲ್ಲ. ಇವನು ನನಗಿಂತ ಒಂದು ಮೆಟ್ಟಿಲು ಕೆಳಗೆ, ಮುಖ ನನ್ನ ಕಡೆ, ಎರಡೂ ಕೈ ಅಗಲಿಸಿಕೊಂಡು ಹಿಂದೆ ಹಿಂದೆ ಇಳಿಯಬೇಕು. ನಾನು ಮೇಲಿನಿಂದ, ನಿಧಾನ, ಎಡಕ್ಕೆ, ಕಂಬಿ ನೋಡ್ಕೊ ಎಂದು ಹೇಳುತ್ತಿರುತ್ತೇನೆ. ಹಿಂದಕ್ಕೆ ಹೋಗು ಎಂದರೆ ಇವನು ಇವತ್ತಿಗೂ ಗೋಡೆಗೇ ಹೋಗುತ್ತಾನೆ. ಯಾಕೆ, ಏನು ಎಂದು ಕೇಳದೆ ಅತ್ತೆಯೂ ಒಂದು ದಿಂಬು ಹಿಡಿದು ನಮ್ಮ ಹಿಂದೆ ಬಂದರು. ಎರಡನೆಯ ಮಹಡಿಯ ಟೈಲರ್ ಬಾಗಿಲು ತೆರೆದು, ಟೇಪು ಕೊರಳಲ್ಲಿ ಹಾಗೇ ಇಟ್ಟುಕೊಂಡು, ಮೆರವಣಿಗೆ ಎಲ್ಲಿಗೆ ಎಂದು ಕೇಳಿದರು. ಕಸ ಹಾಕೋದಕ್ಕೆ ಎಂದ ನನ್ನ ಗಂಡ. ಕಸ ಯಾರ ಕೈಯಲ್ಲೂ ಇರಲಿಲ್ಲ.

ಅಲ್ಲಿಂದಲೇ ಹಿಂದಿರುಗಿದೆವು. ಚಿತ್ರ ಬಂದಿತ್ತು, ಪೀಪಿ ಮಾತ್ರ ನಿದ್ದೆ ಹೊಡೆಯುತ್ತಿದ್ದಳು. ಇನ್ನು ಅತ್ತೆಗೆ ಹೇಳದೆ ದಾರಿಯಿಲ್ಲ. ದಿಂಬು ಹಿಡಿದು ಬಂದವರ ಹತ್ತಿರ ಏನು ಮುಚ್ಚಿಡುವುದು? ಹೇಳಿದೆ. ಹೇಳುತ್ತ ಅವರ ಕಾಲಬೆರಳುಗಳನ್ನೇ ನೋಡುತ್ತಿದ್ದೆ. ಅವರು ಪೀಪಿಯ ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ.

"ನಿಂಗೆ ಮೆಟ್ಲು," ಎಂದರು. "ನಂಗೆ ಕಿಟಕಿ. ಇವನು ಹುಟ್ಟಿದಾಗ ಒಂದು ವರ್ಷ ಆ ಕಿಟಕಿಗೆ ಮೊಳೆ ಹೊಡೆದು ಇಟ್ಟಿದ್ದೆ ಕಣಮ್ಮ. ಧೂಳು ಬರುತ್ತೆ ಅಂತ ಎಲ್ರಿಗೂ ಹೇಳ್ದೆ. ನಿಂಗೆ ಹೇಳೋಕೆ ಒಂದು ಜಾಗ ಸಿಕ್ತಲ್ಲ, ಒಳ್ಳೇದಾಯ್ತು."

ನನ್ನ ಗಂಡ ಬಾಯಿ ತೆರೆದು ನಿಂತಿದ್ದ. ಹಳೆಯ ಮನೆಯ ಕಿಟಕಿಯ ಚೌಕಟ್ಟಿನಲ್ಲಿದ್ದ ಮೊಳೆಯ ತೂತುಗಳನ್ನು ಚಿಕ್ಕಂದಿನಲ್ಲಿ ಇವನು ಪೆನ್ಸಿಲ್ಲಿನಿಂದ ಕೆದಕುತ್ತಿದ್ದನಂತೆ. ಅಷ್ಟೊಂದು ಧೂಳು ಎಲ್ಲಿಂದ ಬರುತ್ತಿತ್ತು ಎಂದು ಯಾವಾಗಲೂ ಯೋಚಿಸುತ್ತಿದ್ದನಂತೆ. ಅತ್ತೆಯ ಪಕ್ಕ ಕೂತು ನಾನೂ ಬಟ್ಟೆ ಮಡಚಿದೆ. ನಾನು ಮಡಚಿದ್ದನ್ನೆಲ್ಲ ಅವರು ಬಿಚ್ಚಿ ಮತ್ತೆ ಮಡಚಿದರು.

ಅಕ್ಟೋಬರ್ ೧೪, ಮಂಗಳವಾರ

ಇವತ್ತು ಹೇಗೆ ಇಳಿದಿರಿ ಎಂದು ಥೆರಪಿಸ್ಟ್ ಪ್ರತಿ ವಾರ ಕೇಳುತ್ತಾರೆ. ಇವನು ಕೆಳಗೆ, ನಾನು ಮೇಲೆ, ಪೂರ್ತಿ ಮೂರು ಮಹಡಿ ಎಂದು ಇವತ್ತು ಹೇಳಿದೆ. ಎಷ್ಟು ಅಂಕ ಎಂದು ಕೇಳಿದೆ. ಇಲ್ಲಿ ಅಂಕ ಇಲ್ಲ ಎಂದರು. ಆದರೂ ಒಂದು ಅಂದಾಜು ಎಂದೆ. ನಕ್ಕರು, ಹೇಳಲಿಲ್ಲ.

ಅಕ್ಟೋಬರ್ ೨೧, ಮಂಗಳವಾರ

ಇಳಿಯಲು ಆಗಲಿಲ್ಲ. ಮೊದಲ ಮೆಟ್ಟಿಲಿನಲ್ಲೇ ಕಾಲು ನಿಂತುಬಿಟ್ಟಿತು. ಪೀಪಿಯನ್ನು ಇವನ ಕೈಗೆ ಕೊಟ್ಟು ಚೀಲ ಹಿಡಿದು ಹಿಂದೆ ಇಳಿದೆ, ಮೊದಲಿನ ಹಾಗೆ. ಎರಡು ರಾತ್ರಿ ನಿದ್ದೆಯಿಲ್ಲ, ಪೀಪಿಗೆ ನೆಗಡಿ. ಎಲ್ಲ ಹಾಳಾಯಿತು ಎಂದು ಥೆರಪಿಸ್ಟ್ ಮುಂದೆ ಅತ್ತುಬಿಟ್ಟೆ. ಚೆನ್ನಾಗಿ ಓಡಿಸುತ್ತಿದ್ದವರು ಒಂದು ದಿನ ನಡುರಸ್ತೆಯಲ್ಲಿ ಗಾಡಿ ಆಫ್ ಮಾಡಿಕೊಂಡರೆ ನೀವು ಏನು ಹೇಳುತ್ತೀರಿ ಎಂದು ಕೇಳಿದರು. ಮತ್ತೆ ಸ್ಟಾರ್ಟ್ ಮಾಡಿ ಎನ್ನುತ್ತೇನೆ ಎಂದೆ. ಅಷ್ಟೇನಾ ಎಂದರು. ಅಷ್ಟೇ ಎಂದೆ.

ಅಕ್ಟೋಬರ್ ೨೬, ಭಾನುವಾರ

ಸಂಜೆ ಒಂದು ಫೋನು. ನನ್ನ ಹಳೆಯ ವಿದ್ಯಾರ್ಥಿನಿ, ಬ್ಯಾಂಕಿನಲ್ಲಿ ಕೆಲಸ. ಎಷ್ಟು ಹೇಳಿದರೂ ಕನ್ನಡಿಯಲ್ಲಿ ರಸ್ತೆಯ ಬದಲು ತನ್ನ ಮುಖ ನೋಡಿಕೊಳ್ಳುತ್ತಿದ್ದವಳು. ಅವಳಿಗೂ ಮಗುವಾಗಿದೆ. ಅದೇ ನರ್ಸಮ್ಮ, ಅದೇ ಚೀಟಿ; ಕನ್ನಡಕದ ಅಂಗಡಿಯಿಂದ ನಾನು ಹೊರಬರುವುದನ್ನು ನೋಡಿದ್ದಳಂತೆ. ಹೋಗುವ ಮೊದಲು ಏನೇನು ತಿಳಿದುಕೊಂಡಿರಬೇಕು ಮೇಡಂ, ಏನು ತಯಾರಿ ಮಾಡಿಕೊಳ್ಳಲಿ ಎಂದು ಕೇಳಿದಳು.

ತಯಾರಿ ಮಾಡಿಕೊಳ್ಳಬೇಡ ಎಂದೆ. ಈ ಮಾತು ನನ್ನ ಬಾಯಿಂದ ಬಂದದ್ದು ಕೇಳಿ ಅವಳಿಗೆ ನಾನೇ ಮಾತಾಡುತ್ತಿರುವುದು ಹೌದೋ ಅಲ್ಲವೋ ಎಂದು ಅನುಮಾನ ಬಂತಂತೆ. ಅದು ಪರೀಕ್ಷೆ ಅಲ್ಲ, ಅಲ್ಲಿ ಒಳ್ಳೆಯ ಉತ್ತರಕ್ಕೆ ಬೆಲೆಯಿಲ್ಲ ಎಂದೆ. ಮಗುವನ್ನು ಕರೆದುಕೊಂಡೇ ಹೋಗು, ಅತ್ತರೆ ಅಳಲಿ. ಒಂದೇ ದಿನಕ್ಕೆ ವಾಸಿಯಾಗುವುದಿಲ್ಲ, ನಾನು ಇನ್ನೂ ಹೋಗುತ್ತಿದ್ದೇನೆ. ಅವರು ಹಿಡಿಸದಿದ್ದರೆ ಬಾಯಿಬಿಟ್ಟು ಹೇಳು, ಬೇರೆಯವರನ್ನು ತೋರಿಸುತ್ತಾರೆ. ನನಗಾದರೆ ಸಿಟ್ಟು ಬರುತ್ತಿತ್ತು, ಅವರಿಗೆ ಬರುವುದಿಲ್ಲ. ಆಡಿದ್ದು ಎಲ್ಲಿಗೆ ಹೋಗುತ್ತದೆ ಎಂದು ಹೆದರಿಕೆಯಿದ್ದರೆ ಅದನ್ನೂ ಮೊದಲೇ ಕೇಳಿಬಿಡು. ಆ ಕಡೆ ಮಗು ಮುಲುಗುವುದು ಕೇಳಿಸುತ್ತಿತ್ತು.

"ಮೇಡಂ, ಹೇಳೋಕೇ ಆಗದಂಥದ್ದು ಇದ್ರೆ?"

"ಅದನ್ನೇ ಮೊದಲು ಹೇಳು. ನಾನು ಅದನ್ನ ಬಿಟ್ಟು ಬೇರೆಲ್ಲ ಹೇಳಿ ಒಂದು ವಾರ ದಂಡ ಮಾಡ್ಕೊಂಡೆ."

ಅವಳು ಅತ್ತಳು. ನಾನು ಅಳಲಿಲ್ಲ. ನಿಮಗೆ ಈಗ ಪೂರ್ತಿ ಸರಿಹೋಯಿತೇ ಎಂದು ಕೇಳಿದಳು. ಇಲ್ಲ, ಮೆಟ್ಟಿಲು ಇಳಿಯುವಾಗ ಗಂಡ ಎದುರಿಗೆ ಇರಲೇಬೇಕು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮಗುವನ್ನು ನೋಡಿಕೋ, ಕನ್ನಡಿಯಲ್ಲಿ ಮುಖ ನೋಡಿಕೊಂಡರೂ ಪರವಾಗಿಲ್ಲ ಎಂದು ಹೇಳಿ ಫೋನ್ ಇಟ್ಟೆ.

ನವೆಂಬರ್ ೪, ಮಂಗಳವಾರ

ನನ್ನ ಗಂಡನಂಥ ಮರೆಗುಳಿ ಈ ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಹೊರಡುವ ಹೊತ್ತಿಗೆ ಸರಿಯಾಗಿ ಮನೆಯ ಕೀ ಕಾಣಿಸುತ್ತಿಲ್ಲ ಎಂದ. ನೀನು ಇಳಿಯುತ್ತಿರು, ಹಿಂದೆಯೇ ಬಂದೆ ಎಂದ. ಅತ್ತೆ ಸ್ನಾನಕ್ಕೆ ಹೋಗಿದ್ದರು. ತಡವಾದರೆ ಥೆರಪಿಸ್ಟ್‌ಗೆ ಏನು ಹೇಳುವುದು? ಇವನನ್ನು ಬಯ್ಯುತ್ತಲೇ ಹೊರಟೆ. ಎರಡನೆಯ ಮಹಡಿಯಲ್ಲಿ ಟೈಲರ್ ನನ್ನ ಕೆಲಸದ ಪ್ಯಾಂಟು ಹಿಡಿದು ನಿಂತಿದ್ದರು. ಮುಂದಿನ ತಿಂಗಳು ಮತ್ತೆ ಡ್ರೈವಿಂಗ್ ಶಾಲೆಗೆ ಹೋಗಬೇಕು, ಸೊಂಟ ಬಿಚ್ಚಿಸಿ ಅಗಲ ಮಾಡಿಸಲು ಕೊಟ್ಟಿದ್ದೆ. ನೋಡಿದರೆ ಜಿಪ್ಪು ಸೊಟ್ಟ. ಒಂದು ಕೈಯಲ್ಲಿ ಪ್ಯಾಂಟು ಎತ್ತಿಹಿಡಿದು ಬೆಳಕಿಗೆ ತೋರಿಸಿ, ಇದು ಜಿಪ್ಪೋ ಹಾವಿನ ದಾರಿಯೋ ಎಂದು ಕೇಳಿದೆ. ವಾಪಸು ತೆಗೆದುಕೊಂಡರು. ಪೀಪಿ ಅವರ ಕೊರಳಿನ ಟೇಪು ಹಿಡಿದೆಳೆದು ನನ್ನ ಪರವಾಗಿ ಜಗಳವಾಡಿದಳು. ಕೆಳಗೆ ಅಂಚೆಪೆಟ್ಟಿಗೆಗಳ ಹತ್ತಿರ ನಿಂತೇ ನಿಂತೆ. ಇವನು ಸೀಟಿ ಹೊಡೆಯುತ್ತ ಆರಾಮಾಗಿ ಇಳಿದು ಬಂದ. ಇಷ್ಟು ಹೊತ್ತು ಕಾಯಿಸಿದ್ದಕ್ಕೆ ಬೈದೆ. ಹಲ್ಲು ಕಿರಿದ. ಅದರಲ್ಲಿ ನಗುವಂಥದ್ದು ಏನಿದೆಯೋ ತಿಳಿಯಲಿಲ್ಲ.

ಥೆರಪಿಸ್ಟ್ ಕೋಣೆಯಲ್ಲಿ ರಗ್ಗು ಚೆನ್ನಾಗಿ ಹಾಸಿತ್ತು, ಒಂದು ಸುಕ್ಕಿಲ್ಲ. ಹೊಸದು ತಂದಿರಾ ಎಂದು ಕೇಳಿದೆ. ಅದೇ ಹಳೆಯದು ಎಂದರು. ಆಮೇಲೆ ಯಾವಾಗಲೂ ಕೇಳುವುದನ್ನೇ ಕೇಳಿದರು: ಇವತ್ತು ಹೇಗೆ ಇಳಿದಿರಿ? ಹೇಗೆ ಎಂದರೆ ಏನು ಹೇಳಲಿ, ಕೀ ಕಳೆದುಕೊಂಡು ಕೂತ ಗಂಡ, ಸೊಟ್ಟ ಜಿಪ್ಪಿನ ಟೈಲರ್ ಎಂದು ನನ್ನ ಗೋಳು ಶುರುಮಾಡಿದೆ. ಅವರು ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

"ಅವ್ರು ಮನೇಲಿದ್ರು. ನೀವು ಕೆಳಗಡೆ ನಿಂತಿದ್ರಿ. ಪೀಪಿ ಎಲ್ಲಿದ್ಲು?"

"ನನ್ನ ಕೈಯಲ್ಲಿ," ಎಂದೆ.

ಹೇಳಿದ ಮೇಲೆ ಆ ಮಾತು ನನ್ನ ಕಿವಿಗೆ ಬಿತ್ತು. ಪೀಪಿಯನ್ನು ನೋಡಿದೆ. ನನ್ನ ಎಡಗೈಯ ಮೇಲೆ ಕೂತು ನನ್ನ ಅಂಗಿಯ ಗುಂಡಿ ಚೀಪುತ್ತಿದ್ದಳು. ಟೈಲರ್ ಹತ್ತಿರ ಜಗಳವಾಡುವಾಗಲೂ ಅಲ್ಲೇ ಕೂತಿದ್ದಳು. ಚಿತ್ರ ಬಂದಿತ್ತೇ? ಬಂದಿತ್ತು ಎಂದು ನೆನಪು, ಮೊದಲ ಮಹಡಿಯ ತಿರುವಿನಲ್ಲಿ. ಆಗ ನಾನು ಜಿಪ್ಪಿನ ಯೋಚನೆಯಲ್ಲಿದ್ದೆ. ಪೀಪಿಯನ್ನು ಬಿಗಿಯಾಗಿ ಅಪ್ಪಿಕೊಂಡೆ, ಗುಂಡಿ ಬಾಯಿಂದ ತಪ್ಪಿಹೋಗಿ ಅವಳು ಊದಲು ಶುರುಮಾಡಿದಳು.

ಮನೆಗೆ ಬಂದು ಬಾಗಿಲ ಪಕ್ಕದ ಮೊಳೆಗೆ ಕೀ ತೂಗುಹಾಕುತ್ತಿದ್ದವನನ್ನು ನಿಲ್ಲಿಸಿ, ಬೆಳಿಗ್ಗೆ ಇದು ಎಲ್ಲಿ ಸಿಕ್ಕಿತು ಎಂದು ಕೇಳಿದೆ.

"ಇಲ್ಲೇ. ಮೊಳೆ ಮೇಲೇ ಇತ್ತು."

"ಮತ್ತೆ ಅಷ್ಟೊತ್ತು ಒಳಗಡೆ ಏನ್ ಮಾಡ್ತಿದ್ದೆ?"

"ಎರಡೂ ಪಾದ ನೆಲಕ್ಕೆ ಊರಿ, ಕಿಟಕಿ ಆಚೆ ನೋಡ್ತಾ ಕೂತಿದ್ದೆ. ಇವತ್ತು ಪೂರ್ತಿ ನೀವೇ ಇಳಿದಿದ್ದು, ಮೇಡಂ."

ಎರಡು ಸಲ ಫೇಲಾದವನಿಗೆ ಪಾಠ ಇಷ್ಟು ಚೆನ್ನಾಗಿ ನೆನಪಿದೆ ಎಂದು ನಾನು ಎಣಿಸಿರಲಿಲ್ಲ.